ಸಾಸೇಜ್, ಸಲಾಮಿ ಪ್ಯಾಕೆಟ್ ಕೊಳ್ಳುವ ಮುಂಚೆ: ಓದುವ, ಅಳೆಯುವ, ಬೇಯಿಸುವ ದಾರಿ

ಮಗುವಿನ ಡಬ್ಬಿಗೆ ಚಿಕನ್ ಸಲಾಮಿ ಹಾಕಿದರೆ ತೊಂದರೆಯೇ? ಪಿಜ್ಜಾ ಮೇಲಿನ ಪೆಪರೋನಿಯಲ್ಲಿ ಕ್ಯಾನ್ಸರ್ ತರುವ ಕೆಮಿಕಲ್ ಇದೆಯಂತಲ್ಲ? ಕೋಲ್ಡ್ ಸ್ಟೋರೇಜಿನಿಂದ ತಂದ ಸಾಸೇಜ್ ಬೇಯಿಸಿದ ಮೇಲೂ ಅಷ್ಟು ಗುಲಾಬಿಯಾಗಿ ಉಳಿಯುವುದು ಹೇಗೆ? ಮಾಂಸ ತಿನ್ನುವವರ ಮನೆಗಳಲ್ಲಿ ಈಗ ಈ ಮಾತು ಮತ್ತೆಮತ್ತೆ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಿಗುವ ಉತ್ತರಗಳಲ್ಲಿ ಒಂದು ಪಾಲು ಎಲ್ಲವೂ ವಿಷ ಎಂದು ಹೆದರಿಸುತ್ತದೆ, ಇನ್ನೊಂದು ಪಾಲು ಏನೂ ಆಗುವುದಿಲ್ಲ ಬಿಡಿ ಎನ್ನುತ್ತದೆ. ಪ್ಯಾಕೆಟ್ ಕೈಯಲ್ಲಿ ಹಿಡಿದು ಅಂಗಡಿಯಲ್ಲಿ ನಿಂತವರಿಗೆ ಎರಡರಿಂದಲೂ ಉಪಯೋಗವಿಲ್ಲ.

ಭಯ ಪಡುವುದಾದರೆ ಸರಿಯಾದ ಜಾಗದಲ್ಲಿ ಪಡಬೇಕು. ಲೇಬಲ್‌ನಲ್ಲಿ ಹತ್ತು ನಂಬರ್ ಇದ್ದರೂ ನಮ್ಮ ಗಮನ ಮೊದಲು ಹೋಗಬೇಕಾದದ್ದು ಮಾಂಸ ಕೆಡದಂತೆ ಹಾಕುವ ನೈಟ್ರೈಟ್ ಎಂಬ ರಾಸಾಯನಿಕದ ಕಡೆಗೆ, ಆಮೇಲೆ ಉಪ್ಪಿನ ಕಡೆಗೆ, ಇವೆರಡಕ್ಕಿಂತ ಹೆಚ್ಚಾಗಿ ವಾರಕ್ಕೆ ಎಷ್ಟು ಸಲ ತಿನ್ನುತ್ತೇವೆ ಎನ್ನುವುದರ ಕಡೆಗೆ.

ಮೊದಲು, ಯಾವುದು ಈ ಪಟ್ಟಿಗೆ ಸೇರುತ್ತದೆ ನೋಡಿ

ಅಂಗಡಿಯಿಂದ ತಂದ ಹಸಿ ಕೋಳಿ, ಕುರಿಮಾಂಸ, ಖೀಮಾ ಇವು ಸಂಸ್ಕರಿಸಿದ ಮಾಂಸವಲ್ಲ. ಫ್ರೀಜರಿನಲ್ಲಿಟ್ಟ ಮಾತ್ರಕ್ಕೂ ಅಲ್ಲ. ಉಪ್ಪು ಹಾಕಿ ಹದಗೊಳಿಸಿ, ಹುದುಗಿಸಿ, ಹೊಗೆ ಹಾಕಿ, ಇಲ್ಲವೇ ರಾಸಾಯನಿಕ ಸೇರಿಸಿ ಬಾಳಿಕೆಯನ್ನೋ ರುಚಿಯನ್ನೋ ಹೆಚ್ಚಿಸಿದ್ದು ಸಂಸ್ಕರಿಸಿದ ಮಾಂಸ. ಸಾಸೇಜ್, ಸಲಾಮಿ, ಹ್ಯಾಮ್, ಬೇಕನ್, ಪೆಪರೋನಿ, ಡಬ್ಬಿಯಲ್ಲಿ ಬರುವ ಮಾಂಸ ಎಲ್ಲವೂ ಇದರೊಳಗೆ ಬರುತ್ತವೆ. ಚಿಕನ್‌ನಿಂದ ಮಾಡಿದ್ದು ಎಂದ ಕೂಡಲೇ ಹಗುರ ಎಂದುಕೊಳ್ಳಬೇಡಿ. ನಮ್ಮಲ್ಲಿ ಮಾರುವ ಚಿಕನ್ ಸಲಾಮಿ, ಚಿಕನ್ ಸಾಸೇಜ್‌ಗಳಲ್ಲೂ ನೈಟ್ರೈಟ್ ಇರುವುದು ಸಾಮಾನ್ಯ. ನಗೆಟ್ಸ್, ಬರ್ಗರ್ ಪ್ಯಾಟಿಗಳಲ್ಲಿ ಅದು ಬಹಳ ಸಲ ಇರುವುದಿಲ್ಲ. ಅಲ್ಲಿ ನೋಡಬೇಕಾದದ್ದು ಉಪ್ಪು, ಎಣ್ಣೆ ಮತ್ತು ಹಿಟ್ಟಿನ ಪಾಲು.

ಉತ್ತರ ಕರ್ನಾಟಕದ ಒಣಖಂಡ, ಮಲೆನಾಡು–ಕೊಡಗಿನಲ್ಲಿ ಒಲೆಯ ಮೇಲೆ ಹೊಗೆಗೆ ತೂಗಿಬಿಟ್ಟ ಮಾಂಸವೂ ಉಪ್ಪು ಮತ್ತು ಹೊಗೆಯಿಂದ ಸಂಸ್ಕರಿಸಿದ್ದೇ. ಅದರಲ್ಲಿ ಕಾರ್ಖಾನೆಯ ನೈಟ್ರೈಟ್ ಇಲ್ಲದಿರಬಹುದು, ಆದರೆ ಹೊಗೆಯಲ್ಲಿ ಪಿಎಎಚ್ ಎಂಬ ಹಾನಿಕರ ಸಂಯುಕ್ತಗಳಿರುತ್ತವೆ, ಉಪ್ಪಂತೂ ಧಾರಾಳ. ಊರಿನದು ಅಂತ ಅದಕ್ಕೆ ರಿಯಾಯಿತಿ ಕೊಡಲು ಬರುವುದಿಲ್ಲ. ಪುಣ್ಯಕ್ಕೆ ಅದನ್ನು ಯಾರೂ ದಿನಾ ತಿನ್ನುವುದಿಲ್ಲ.

ನೈಟ್ರೈಟ್ ಅಲ್ಲಿ ಯಾಕಿದೆ

ಇದು ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ನಿಂತು ನೋಡೋಣ. 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದಲ್ಲಿ ಕೆಟ್ಟ ಸಾಸೇಜ್ ತಿಂದವರ ರೆಪ್ಪೆ ಜೋತುಬಿದ್ದು, ನುಂಗಲಾಗದೆ, ಉಸಿರಾಡಲಾಗದೆ ಸಾಯುತ್ತಿದ್ದರು. ಯುಸ್ಟಿನಸ್ ಕೆರ್ನರ್ ಎಂಬ ವೈದ್ಯರು ಆ ಪ್ರಕರಣಗಳನ್ನು ಒಂದೊಂದಾಗಿ ದಾಖಲಿಸಿದರು. ಕಾರಣ ಕ್ಲೊಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಎಂದು ಆ ಶತಮಾನದ ಕೊನೆಯಲ್ಲಿ ಗೊತ್ತಾಯಿತು. ಗಾಳಿಯಾಡದ ಜಾಗದಲ್ಲಿ ಬೆಳೆಯುವ ಈ ಜೀವಿ ಉಗುಳುವ ವಿಷ ಅತಿ ಘೋರವಾದದ್ದು. ನೈಟ್ರೈಟ್ ಅದನ್ನು ಬೆಳೆಯಲು ಬಿಡುವುದಿಲ್ಲ.

ಅದರ ಎರಡನೆಯ ಕೆಲಸ ಬಣ್ಣ. ಬೇಯಿಸಿದ ಮಾಂಸ ಸಹಜವಾಗಿ ಬೂದು ಇಲ್ಲವೇ ಕಂದು ಆಗಬೇಕು. ನೈಟ್ರೈಟ್‌ನಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ಮಾಂಸದ ಮಯೊಗ್ಲೋಬಿನ್‌ಗೆ ಅಂಟಿಕೊಂಡು, ಬೆಂದ ಮೇಲೂ ಆ ಗುಲಾಬಿ ಬಣ್ಣವನ್ನು ಹಿಡಿದಿಡುತ್ತದೆ. ಗಿರಾಕಿ ಬಣ್ಣ ನೋಡಿಯೇ ತಾಜಾ ಎಂದುಕೊಳ್ಳುತ್ತಾನೆ. ತಯಾರಕರು ಸುರಕ್ಷತೆಯ ಮಾತನ್ನೇ ಮುಂದಿಟ್ಟರೂ ಈ ಬಣ್ಣದ ಆಸೆಯನ್ನು ಮರೆಯಬಾರದು. ಇಟಲಿಯ ಪಾರ್ಮಾ ಹ್ಯಾಮ್ ಬರೀ ಹಂದಿಮಾಂಸ, ಉಪ್ಪು ಮತ್ತು ತಿಂಗಳುಗಟ್ಟಲೆ ಕಾಯುವ ತಾಳ್ಮೆಯಿಂದ ಆಗುತ್ತದೆ, ನೈಟ್ರೈಟ್ ಇಲ್ಲದೆ. ಡೆನ್ಮಾರ್ಕ್ ತನ್ನ ನೈಟ್ರೈಟ್ ಮಿತಿಯನ್ನು ಯುರೋಪಿನ ಉಳಿದ ದೇಶಗಳಿಗಿಂತ ಬಹುಕಾಲದಿಂದ ಕಡಿಮೆ ಇಟ್ಟುಕೊಂಡು ಬಂದಿದೆ. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2022ರ ಜುಲೈನಲ್ಲಿ ಜನ ಸೇವಿಸುವ ನೈಟ್ರೈಟ್ ಕಡಿಮೆಯಾಗಬೇಕು ಎಂದು ಹೇಳಿತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಹೊಸ ನಿಯಮ ಮಾಡಿ, 2025ರ ಅಕ್ಟೋಬರ್‌ನಿಂದ ಮಿತಿಗಳನ್ನು ಇಳಿಸಿತು. ಕಡಿಮೆ ಹಾಕಿಯೂ ಮಾಡಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಪಾಯ ಎಲ್ಲಿದೆ ಎಂದರೆ, ನೈಟ್ರೈಟ್ ಮಾಂಸದ ಪ್ರೊಟೀನಿನಿಂದ ಬರುವ ಅಮೈನ್‌ಗಳ ಜೊತೆ ಸೇರಿದಾಗ ನೈಟ್ರೋಸಮೈನ್‌ಗಳು ಹುಟ್ಟುತ್ತವೆ. ಜೋರು ಉರಿಯ ಬಾಣಲೆಯಲ್ಲೂ ಆಗುತ್ತದೆ, ಹೊಟ್ಟೆಯ ಆಮ್ಲದಲ್ಲೂ ಆಗುತ್ತದೆ. ಇವುಗಳಲ್ಲಿ ಹಲವು ಕ್ಯಾನ್ಸರ್‌ಕಾರಕ. ಪಾಲಕ್, ಬೀಟ್‌ರೂಟ್‌ನಲ್ಲೂ ನೈಟ್ರೈಟ್ ಆಗಿ ಬದಲಾಗುವ ನೈಟ್ರೇಟ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ, ಹೆಚ್ಚೇ ಇದೆ. ಆದರೆ ಸೊಪ್ಪು–ತರಕಾರಿಯಲ್ಲಿ ಅದರ ಜೊತೆಗೇ ಬರುವ ವಿಟಮಿನ್ ಸಿ ಮೊದಲಾದವು ನೈಟ್ರೋಸಮೈನ್ ಆಗುವುದನ್ನು ತಡೆಯುತ್ತವೆ. ಹಾಗಾಗಿ ಸೊಪ್ಪು ಬಿಡಬೇಡಿ.

ಪ್ಯಾಕೆಟ್ ತಿರುಗಿಸಿ, ಹಿಂಬದಿ ಓದಿ

ಮುಂಬದಿಯಲ್ಲಿ ಇರುವ ‘ಪ್ರೀಮಿಯಂ’, ‘ಫಾರ್ಮ್ ಫ್ರೆಶ್’ ಮಾತುಗಳನ್ನು ಬಿಟ್ಟುಬಿಡಿ. ಕಂದು ಚೌಕದೊಳಗಿನ ಕಂದು ತ್ರಿಕೋನ ಮಾಂಸಾಹಾರದ ಗುರುತು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ ಲೈಸೆನ್ಸ್ ನಂಬರಿನಲ್ಲಿ 14 ಅಂಕಿ ಇರಬೇಕು. ನಂಬರೇ ಇಲ್ಲದ, ಬಿಡಿಯಾಗಿ ತೂಗಿ ಕೊಡುವ ಸಾಸೇಜ್ ಬೇಡ.

ಆಮೇಲೆ ಪದಾರ್ಥಗಳ ಸಾಲು. ಸಾಮಾನ್ಯವಾಗಿ ಹೀಗಿರುತ್ತದೆ: ಚಿಕನ್, ನೀರು, ಸಸ್ಯಜನ್ಯ ಎಣ್ಣೆ, ಸೋಯಾ ಪ್ರೊಟೀನ್, ಉಪ್ಪು, ಮಸಾಲೆ, ಸ್ಟೆಬಿಲೈಸರ್ ಐಎನ್‌ಎಸ್ 451, ಫ್ಲೇವರ್ ಎನ್‌ಹಾನ್ಸರ್ ಐಎನ್‌ಎಸ್ 621, ಆ್ಯಂಟಿಆಕ್ಸಿಡೆಂಟ್ ಐಎನ್‌ಎಸ್ 316, ಪ್ರಿಸರ್ವೇಟಿವ್ ಐಎನ್‌ಎಸ್ 250. ಐಎನ್‌ಎಸ್ ಅಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟ ಅಂತರರಾಷ್ಟ್ರೀಯ ನಂಬರು. ಅಕ್ಷರ ಸಣ್ಣದು, ಇಂಗ್ಲಿಷಿನಲ್ಲೇ ಇರುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕೆಂಬುದು ನಿಯಮ. ಮಾಂಸದ ಹಿಂದೆಯೇ ನೀರು ಬಂದರೆ ಆ ನೀರಿಗೂ ನೀವು ಮಾಂಸದ ಬೆಲೆಯನ್ನೇ ಕೊಡುತ್ತಿದ್ದೀರಿ ಎಂದು ತಿಳಿಯಿರಿ.

ಈ ನಂಬರುಗಳಲ್ಲಿ ಮುಖ್ಯವಾದವು ನಾಲ್ಕು: 249 ಮತ್ತು 250 ನೈಟ್ರೈಟ್, 251 ಮತ್ತು 252 ನೈಟ್ರೇಟ್. ನೈಟ್ರೇಟ್ ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್ ಆಗುವುದರಿಂದ ಎರಡನ್ನೂ ಒಂದೇ ಲೆಕ್ಕಕ್ಕೆ ಹಿಡಿಯಿರಿ. ಕೆಲವು ಕಡೆ ‘ಕ್ಲಾಸ್ 2 ಪ್ರಿಸರ್ವೇಟಿವ್’ ಎಂದಷ್ಟೇ ಬರೆದಿದ್ದರೆ, ಸಂಸ್ಕರಿಸಿದ ಮಾಂಸದ ಮಟ್ಟಿಗೆ ಅದು ನೈಟ್ರೈಟೇ ಇರಬಹುದೆಂದು ಎಣಿಸುವುದು ಕ್ಷೇಮ. 316 ಮತ್ತು 301 ವಿಟಮಿನ್ ಸಿಯ ಬಂಧುಗಳು, ನೈಟ್ರೋಸಮೈನ್ ಆಗುವುದನ್ನು ಇವು ತಗ್ಗಿಸುತ್ತವೆ. ನೈಟ್ರೈಟ್ ಇರುವ ಪ್ಯಾಕೆಟ್‌ನಲ್ಲಿ ಇವೂ ಇರುವುದು ಒಳ್ಳೆಯದೇ. 450, 451, 452 ಫಾಸ್ಫೇಟ್‌ಗಳು, ಮಾಂಸದಲ್ಲಿ ನೀರು ನಿಲ್ಲಿಸಲು ಹಾಕುವಂಥವು; ಮೂತ್ರಪಿಂಡದ ಕಾಯಿಲೆ ಇರುವವರು ಇವನ್ನು ತಪ್ಪಿಸಲೇಬೇಕು. 621 ಅಂದರೆ ಟೇಸ್ಟಿಂಗ್ ಪೌಡರ್. ಜನ ಅತಿ ಹೆಚ್ಚು ಹೆದರುವುದು ಇದಕ್ಕೇ, ಆದರೆ ಈ ಸಾಲಿನಲ್ಲಿ ಅದು ದೊಡ್ಡ ಅಪಾಯವಲ್ಲ.

ಕೊನೆಗೆ ಪೌಷ್ಟಿಕಾಂಶದ ಪಟ್ಟಿಯಲ್ಲಿ ಸೋಡಿಯಂ ನೋಡಿ. ದೊಡ್ಡವರಿಗೆ ದಿನವಿಡೀ 2000 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಸುಮಾರು 5 ಗ್ರಾಂ ಉಪ್ಪು. 100 ಗ್ರಾಂ ಸಾಸೇಜ್‌ನಲ್ಲೇ 700–900 ಮಿಲಿಗ್ರಾಂ ಇರುವುದು ಅಪರೂಪವಲ್ಲ. ಬಿಪಿ ಇರುವ ಅಪ್ಪ–ಅಮ್ಮನಿಗೆ ನೈಟ್ರೈಟ್‌ಗಿಂತ ಮೊದಲು ಕಾಡುವುದು ಇದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ‘ಅನ್‌ಕ್ಯೂರ್ಡ್’, ಅಂದರೆ ನೈಟ್ರೈಟ್ ಹಾಕಿ ಹದಗೊಳಿಸದ್ದು, ಎಂದು ಬರೆದ ಬೇಕನ್, ಹ್ಯಾಮ್ ಸಿಗುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ಸೆಲೆರಿ ಪೌಡರ್ ಎಂದಿದ್ದರೆ, ಆ ಸೆಲೆರಿಯಲ್ಲಿರುವ ನೈಟ್ರೇಟ್ ಮಾಡುವ ಕೆಲಸವೂ ಅದೇ. ಹೆಚ್ಚು ದುಡ್ಡು ಕೊಟ್ಟು ನೆಮ್ಮದಿ ಕೊಳ್ಳಬೇಡಿ. ಆ ದೇಶದಲ್ಲೇ 2012ರಲ್ಲಿ ‘ಪಿಂಕ್ ಸ್ಲೈಮ್’ ಎಂಬ ದೊಡ್ಡ ಗದ್ದಲವಾಯಿತು. ದನದ ಮಾಂಸದ ಚೂರುಗಳಿಂದ ಕೊಬ್ಬು ಬೇರ್ಪಡಿಸಿ, ಬ್ಯಾಕ್ಟೀರಿಯಾ ಕೊಲ್ಲಲು ಅಮೋನಿಯಾ ಅನಿಲ ಹಾಯಿಸಿ, ಖೀಮಾಕ್ಕೆ ಬೆರೆಸುತ್ತಿದ್ದರು. ಸರ್ಕಾರ ಅದನ್ನು ಸುರಕ್ಷಿತ ಎಂದೇ ಹೇಳಿತು. ಜನರಿಗೆ ಸಿಟ್ಟು ಬಂದದ್ದಕ್ಕೆ ಮುಖ್ಯ ಕಾರಣ, ಪ್ಯಾಕೆಟ್ ಮೇಲೆ ಅದರ ಸುಳಿವೇ ಇರಲಿಲ್ಲ. ಆ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ತಿನ್ನುವವರಿಗೆ ಏನು ತಿನ್ನುತ್ತಿದ್ದೇವೆಂದು ತಿಳಿಯುವ ಹಕ್ಕಿದೆ.

ಎಷ್ಟಾದರೆ ಹೆಚ್ಚು: ಲೆಕ್ಕ ಹಾಕೋಣ

2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ, 10 ದೇಶಗಳ 22 ತಜ್ಞರ ಪರಿಶೀಲನೆಯ ನಂತರ ಸಂಸ್ಕರಿಸಿದ ಮಾಂಸವನ್ನು ಗುಂಪು 1ಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಪಟ್ಟಿಗೆ, ಸೇರಿಸಿತು. ತಂಬಾಕು, ಕಲ್ನಾರು ಇರುವುದೂ ಅದೇ ಗುಂಪಿನಲ್ಲಿ. ಮಾರನೇ ದಿನವೇ ‘ಸಾಸೇಜ್ ಸಿಗರೇಟಿನಷ್ಟೇ ಅಪಾಯ’ ಎಂಬ ಸುದ್ದಿ ಹಬ್ಬಿತು, ಇವತ್ತಿಗೂ ಓಡಾಡುತ್ತಿದೆ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವುಗಳಿಗೆ ಸಂಸ್ಕರಿಸಿದ ಮಾಂಸ ಹೆಚ್ಚಿರುವ ಆಹಾರ ಕಾರಣ ಎಂಬ ಅಂದಾಜನ್ನು ಆಗ ಸಂಸ್ಥೆಯೇ ಉಲ್ಲೇಖಿಸಿತ್ತು; ತಂಬಾಕಿನ ಲೆಕ್ಕ ಸುಮಾರು 10 ಲಕ್ಷ.

ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು 18 ಶೇಕಡ ಹೆಚ್ಚುತ್ತದೆ ಎಂಬುದು ಅದೇ ವರದಿಯ ಅಂಕಿ. ಇದನ್ನು 100ರಲ್ಲಿ 18 ಜನಕ್ಕೆ ಬರುತ್ತದೆ ಎಂದು ಓದಬಾರದು. 100 ಜನರಲ್ಲಿ ಜೀವಮಾನದಲ್ಲಿ 5 ಮಂದಿಗೆ ಬರುವ ಸಮಾಜದಲ್ಲಿ ಅದು ಹತ್ತಿರ ಹತ್ತಿರ 6 ಆಗುತ್ತದೆ. 50 ಗ್ರಾಂ ಅಂದರೆ ಒಂದು ಹಾಟ್‌ಡಾಗ್ ಸಾಸೇಜ್, ಅಥವಾ ಎರಡು–ಮೂರು ತುಂಡು ಸಲಾಮಿ. ಅಪರೂಪಕ್ಕೆ ತಿಂದವರು ನಿದ್ದೆಗೆಡಬೇಕಿಲ್ಲ, ದಿನಾ ಬೆಳಿಗ್ಗೆ ತಿಂಡಿಗೆ ತಿನ್ನುವವರು ಬದಲಾಗಬೇಕು.

ಮಕ್ಕಳ ವಿಷಯದಲ್ಲಿ ಲೆಕ್ಕ ಬೇರೆ, ಏಕೆಂದರೆ ಮಿತಿ ದೇಹದ ತೂಕದ ಮೇಲೆ ನಿಂತಿದೆ. ದಿನಕ್ಕೆ ಸೇವಿಸಬಹುದಾದ ನೈಟ್ರೈಟ್ ಒಂದು ಕೆಜಿ ದೇಹತೂಕಕ್ಕೆ 0.07 ಮಿಲಿಗ್ರಾಂ. ಹಾಗಾದರೆ 20 ಕೆಜಿ ತೂಗುವ, ಒಂದನೇ ಕ್ಲಾಸಿನ ಮಗುವಿಗೆ 1.4 ಮಿಲಿಗ್ರಾಂ. ಒಂದು ಕೆಜಿ ಸಲಾಮಿಯಲ್ಲಿ 40 ಮಿಲಿಗ್ರಾಂ ನೈಟ್ರೈಟ್ ಉಳಿದಿದೆ ಎಂದಿಟ್ಟುಕೊಳ್ಳಿ. 35 ಗ್ರಾಂ ತಿನ್ನುವಷ್ಟರಲ್ಲಿ ಮಗುವಿನ ಆ ದಿನದ ಪಾಲು ಮುಗಿಯಿತು. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಬಿಡುವ 80 ಮಿಲಿಗ್ರಾಂ ಪೂರ್ತಿ ಇದ್ದರೆ 17–18 ಗ್ರಾಂ ಸಾಕು. ಸ್ಯಾಂಡ್‌ವಿಚ್‌ನೊಳಗೆ ಇಡುವ ಒಂದೋ ಎರಡೋ ತೆಳು ತುಂಡು ಅಷ್ಟೇ. ಒಂದು ದಿನ ಮೀರಿದರೆ ಅನಾಹುತವಾಗುವುದಿಲ್ಲ, ಈ ಮಿತಿ ಜೀವನವಿಡೀ ದಿನವೂ ತಿನ್ನುವುದನ್ನು ಎಣಿಸಿ ಹಾಕಿದ್ದು. ಆದರೆ ಶಾಲೆಯ ಡಬ್ಬಿ ಎಂದರೆ ದಿನದ ಮಾತೇ ಅಲ್ಲವೇ? ಡಬ್ಬಿಯಿಂದ ಸಲಾಮಿ, ಸಾಸೇಜ್ ತೆಗೆದುಬಿಡಿ. ಹುಟ್ಟುಹಬ್ಬ, ಪಿಜ್ಜಾ ಪಾರ್ಟಿಗೆ ತಿಂಗಳಿಗೆ ಒಂದೆರಡು ಸಲ ಇರಲಿ. ದೊಡ್ಡವರಿಗೂ ನಾನು ಹೇಳುವುದು ಹೆಚ್ಚುಕಡಿಮೆ ಇದನ್ನೇ.

ತಂದದ್ದನ್ನು ಬೇಯಿಸುವಾಗ

ಬೇಕನ್ ಗರಿಗರಿಯಾಗಿ ಕರಟುವಷ್ಟು ಹುರಿದಾಗ ನೈಟ್ರೋಸಮೈನ್ ಹೆಚ್ಚಾಗುತ್ತದೆ, ಬಾಣಲೆಯಲ್ಲಿ ಉಳಿದ ಕೊಬ್ಬಿನಲ್ಲಿ ಇನ್ನೂ ಹೆಚ್ಚು ಸೇರಿಕೊಳ್ಳುತ್ತದೆ. ಮಧ್ಯಮ ಉರಿ ಇಡಿ, ಆ ಕೊಬ್ಬಿನಲ್ಲಿ ಮೊಟ್ಟೆ ಹುರಿಯುವ ಅಭ್ಯಾಸ ಬಿಡಿ. ಸಾಸೇಜನ್ನು ಕುದಿಯುವ ನೀರಿನಲ್ಲಿ ಬೇಯಿಸಿ ಆಮೇಲೆ ಬೇಕಾದರೆ ಸ್ವಲ್ಪ ಬಾಡಿಸಿ. ಜೊತೆಗೆ ನಿಂಬೆಹಣ್ಣು ಹಿಂಡಿದ ಕೋಸಂಬರಿ, ಟೊಮೆಟೊ, ದಪ್ಪಮೆಣಸಿನಕಾಯಿ ಇರಲಿ.

ಫ್ರೋಜನ್ ಪ್ಯಾಕೆಟ್‌ನೊಳಗೆ ಮಂಜಿನ ಹರಳು ತುಂಬಿ ತುಂಡುಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗಿದ್ದರೆ ಅದು ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದು. ಕರೆಂಟ್ ಹೋಗಿಬರುವ ಊರುಗಳಲ್ಲಿ, ರಾತ್ರಿ ಫ್ರೀಜರ್ ಆರಿಸುವ ಅಂಗಡಿಗಳಲ್ಲಿ ಇದು ನಡೆಯುತ್ತದೆ. ತರಬೇಡಿ.

ಗರ್ಭಿಣಿಯರು, ವಯಸ್ಸಾದವರು, ಕೀಮೋ ಪಡೆಯುತ್ತಿರುವವರು ಹ್ಯಾಮ್–ಸಲಾಮಿಯನ್ನು ಫ್ರಿಜ್‌ನಿಂದ ತೆಗೆದು ಹಾಗೇ ತಿನ್ನಲೇಬಾರದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ, ನೈಟ್ರೈಟ್ ಇದ್ದರೂ ಬದುಕುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಪೊಲೊನಿ ಎಂಬ ಅಗ್ಗದ ಸಾಸೇಜ್‌ನಿಂದ 1,000ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿ 200ಕ್ಕೂ ಹೆಚ್ಚು ಮಂದಿ ಸತ್ತರು, ಸೋಂಕಿತರಲ್ಲಿ ಬಹಳ ಮಂದಿ ನವಜಾತ ಶಿಶುಗಳು. ಒಳಗಿನವರೆಗೆ ಹಬೆಯಾಡುವಂತೆ, 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬಿಸಿ ಮಾಡಿಯೇ ತಿನ್ನಬೇಕು.

ಡಬ್ಬಿಗೆ ಬದಲಿ ಏನು

ಬಾಳೆಎಲೆಯಲ್ಲಿ ಸುತ್ತಿದ ಚಿಕನ್ ರೋಲ್ ಮಾಡಿ. ಅರ್ಧ ಕೆಜಿ ಮೂಳೆ ಇಲ್ಲದ ಕೋಳಿಯನ್ನು, ಎದೆ ಮತ್ತು ತೊಡೆ ಎರಡೂ ಸೇರಿಸಿ, ಮಿಕ್ಸಿಯಲ್ಲಿ ತರಿತರಿಯಾಗಿ ಮಾಡಿಕೊಳ್ಳಿ. ಬರೀ ಎದೆಭಾಗವಾದರೆ ಒಣಗಿ ಪುಡಿಪುಡಿಯಾಗುತ್ತದೆ. ಮುಕ್ಕಾಲು ಚಮಚ ಉಪ್ಪು, ಕುಟ್ಟಿದ ಕಾಳುಮೆಣಸು, ಶುಂಠಿ–ಬೆಳ್ಳುಳ್ಳಿ ಪೇಸ್ಟ್, ಒಂದು ಚಮಚ ನಿಂಬೆರಸ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೇರಿಸಿ ಕೈಯಲ್ಲಿ ಚೆನ್ನಾಗಿ ನಾದಿ. ಮಾಂಸ ಅಂಟಂಟಾಗಿ ಬೆರಳಿಗೆ ಹತ್ತಿಕೊಳ್ಳಬೇಕು, ಆಗಲೇ ತುಂಡು ಮಾಡುವಾಗ ಒಡೆಯುವುದಿಲ್ಲ. ಬೆಂಕಿಯ ಮೇಲೆ ಬಾಡಿಸಿದ ಎಲೆಯಲ್ಲಿ ಮಣಿಕಟ್ಟಿನ ದಪ್ಪಕ್ಕೆ ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ 30 ನಿಮಿಷ ಹಬೆಯಲ್ಲಿಡಿ. ನಡುವೆ ಚುಚ್ಚಿದರೆ ತಿಳಿನೀರು ಬರಬೇಕು. ಆರಿದ ಮೇಲೆ, ಎರಡು ಗಂಟೆಯೊಳಗೆ, ಫ್ರಿಜ್‌ಗೆ ಸೇರಿಸಿ. ನಾಲ್ಕು ಗಂಟೆ ಗಟ್ಟಿಯಾದ ಮೇಲೆ ಹರಿತವಾದ ಚಾಕುವಿನಿಂದ ತೆಳ್ಳಗೆ ಕೊಯ್ಯಿರಿ. ಗುಲಾಬಿ ಇರುವುದಿಲ್ಲ, ಮಾಸಲು ಬಿಳಿ ಇರುತ್ತದೆ. ಮೂರು ದಿನದೊಳಗೆ ಮುಗಿಸಿ. ಉಳಿದದ್ದನ್ನು ಕೊಯ್ದ ಕೂಡಲೇ ಫ್ರೀಜರಿಗೆ ಹಾಕಿದರೆ ಒಂದು ತಿಂಗಳು ಬರುತ್ತದೆ.

ಇಷ್ಟರಲ್ಲೇ ನಿಲ್ಲಿ. ಆನ್‌ಲೈನ್‌ನಲ್ಲಿ ನೈಟ್ರೈಟ್ ಬೆರೆತ ಕ್ಯೂರಿಂಗ್ ಸಾಲ್ಟ್ ತರಿಸಿ ಮನೆಯಲ್ಲಿ ಸಲಾಮಿ ಹದಗೊಳಿಸುವ ಸಾಹಸ ಬೇಡ. ನೈಟ್ರೈಟ್ ಹೆಚ್ಚಾದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ನೋಡಲು ಅಡುಗೆ ಉಪ್ಪಿನಂತೆಯೇ ಇರುವುದರಿಂದ ಮನೆಯಲ್ಲಿ ಇಡುವುದೇ ಅಪಾಯ. ಹಾಕದೆ ಕೋಣೆಯಲ್ಲಿ ನೇತುಹಾಕಿ ಒಣಗಿಸಿದರೆ ಕೆರ್ನರ್ ಕಾಲದ ಅಪಾಯ ಎದುರಾಗಬಹುದು.

ಕಬಾಬಿನ ಕೆಂಪು

ನಮ್ಮ ರಾಜ್ಯದಲ್ಲಿ ಸಾಸೇಜ್‌ಗಿಂತ ಹೆಚ್ಚು ಜನ ತಿನ್ನುವುದು ಸಂಜೆಯ ಕಬಾಬ್. 2024ರ ಜೂನ್‌ನಲ್ಲಿ ಆಹಾರ ಸುರಕ್ಷತಾ ಇಲಾಖೆ 39 ಕಬಾಬ್ ಮಾದರಿ ಪರೀಕ್ಷಿಸಿದಾಗ 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಯಿಸಿನ್ ಬಣ್ಣಗಳು ಸಿಕ್ಕವು. ಸರ್ಕಾರ ಚಿಕನ್, ಮೀನು ಮೊದಲಾದ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಆಗಲೇ ಹಾಗೆ ಮಾಡಿತ್ತು. ಈ ಬಣ್ಣಗಳು ಬೇರೆ ಕೆಲವು ತಿನಿಸುಗಳಲ್ಲಿ ಮಿತಿಯೊಳಗೆ ಅನುಮತಿ ಇರುವಂಥವೇ, ಕಬಾಬಿಗೆ ಇಲ್ಲ.

ಗುರುತಿಸುವುದು ಕಷ್ಟವಲ್ಲ. ಕಬಾಬ್ ಮುರಿದಾಗ ಒಳಗಿನ ಬಿಳಿ ಮಾಂಸಕ್ಕೂ ಕಿತ್ತಳೆ ಬಣ್ಣ ಇಳಿದಿದ್ದರೆ, ಬೆರಳು ಸೋಪಿನಲ್ಲಿ ತೊಳೆದ ಮೇಲೂ ಕೆಂಪಾಗಿ ಉಳಿದರೆ ಅನುಮಾನ ಪಡಿ. ಮನೆಯಲ್ಲಿ ಆ ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಸಾಕು. ಎಂಟು ಕಾಯಿಯ ಬೀಜ ತೆಗೆದು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ಅರ್ಧ ಕೆಜಿ ಕೋಳಿಗೆ ಸವರಿ. ಖಾರ ಕಡಿಮೆ, ಬಣ್ಣ ಗಾಢ. ಕರಿದಾಗ ಕಂದುಗೆಂಪು ಬರುತ್ತದೆ.

ಅನುಮಾನ ಬಂದರೆ

ಪ್ಯಾಕೆಟ್, ಬಿಲ್, ಬ್ಯಾಚ್ ನಂಬರಿನ ಫೋಟೊ ಇಟ್ಟುಕೊಳ್ಳಿ, ಉಳಿದ ಮಾಂಸವನ್ನು ಫ್ರೀಜರಿನಲ್ಲಿಡಿ. ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಅಥವಾ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ದಾರಿಯಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡ ಯಾರೇ ಆದರೂ ಶುಲ್ಕ ಕಟ್ಟಿ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕೊಡುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ವರದಿಯಲ್ಲಿ ನಿಯಮ ಮೀರಿದ್ದು ಕಂಡರೆ ಕಟ್ಟಿದ ಶುಲ್ಕ ವಾಪಸ್ ಬರುತ್ತದೆ. ಅಪಾರ್ಟ್‌ಮೆಂಟ್ ಸಂಘದವರೋ, ಶಾಲೆಯ ಪೋಷಕರೋ ಸೇರಿ, ಮಕ್ಕಳು ಹೆಚ್ಚು ತಿನ್ನುವ ಒಂದು ತಿನಿಸನ್ನು ಆರಿಸಿ ಕೊಟ್ಟರೆ ತಲೆಗೆ ಬೀಳುವ ಖರ್ಚೂ ಕಡಿಮೆ.